ಅಪ್‌ಡೇಟ್: ಥಾರ್‌ನ ಬಟ್ಟೆ ಹುಡ್ ಮನೆಯಲ್ಲೇ ಹೊಲಿದೆ

ನನ್ನ ಹಳೇ ಥಾರ್ ಜೀಪಿನ ಹುಡ್ (ಮೇಲಿನ ಬಟ್ಟೆ ಹೊದಿಕೆ) ಮಡಚುವ ಜಾಗದಲ್ಲಿ ಗೇಣುದ್ದ ಹರಿದಿದೆ, ಮನೆಯಲ್ಲೇ ಸರಿಮಾಡಬಹುದಾ ಅಂತ ಹೋದ ತಿಂಗಳು ಕೇಳಿದ್ದೆ. ಮಾಡಿದೆ, ಎರಡು ಸಲ!

ಮೊದಲು ಸುಮ್ನೆ ಮೇಲಿಂದ ಅಂಟು ಹಚ್ಚಿ ತುಂಡು ಕೂರಿಸಿದ್ದೆ. ಬದಿಯಡ್ಕಕ್ಕೆ ಹೋಗಿ ಬರುವಷ್ಟರಲ್ಲಿ ಅಂಚು ಎದ್ದಿತ್ತು. ಪಾಚಿ ಸರಿಯಾಗಿ ತೆಗೆದಿರಲಿಲ್ಲ, ತಪ್ಪು ನನ್ನದೇ. ಆಮೇಲೆ ಸೋಪು ನೀರಲ್ಲಿ ಉಜ್ಜಿ, ಎರಡು ದಿನ ಒಣಗಿಸಿ, ಒಳಗಿನಿಂದ ಕ್ಯಾನ್ವಾಸ್ ತುಂಡು ಕೊಟ್ಟು ಪಾಲಿಯೆಸ್ಟರ್ ನೂಲಲ್ಲಿ ಕೈಹೊಲಿಗೆ ಹಾಕಿದೆ. ಹತ್ತಿ ನೂಲು ಬೇಡ ಎಂದವರಿಗೆ ಥ್ಯಾಂಕ್ಸ್. ನಮ್ಮ ಕಾಸರಗೋಡಿನ ಮಳೆಗೆ ಅದು ಕೊಳೆತೇ ಹೋಗುತ್ತಿತ್ತು. ಸೂಜಿಯ ತೂತುಗಳಿಂದ ನೀರು ಇಳಿಯದ ಹಾಗೆ ಅವಕ್ಕೆಲ್ಲ ಸೀಲರ್ ಬಳಿದೆ.

ಮೊನ್ನೆ ರಾತ್ರಿಯಿಡೀ ಮಳೆ. ಸೀಟು ಒಂದಿಷ್ಟೂ ಒದ್ದೆಯಾಗಿಲ್ಲ. "ಅಡಕೆಗೆ ಹೊದೆಸುವ ಟರ್ಪಾಲು ಸಾಕಿತ್ತಲ್ಲ ಮಗಾ" ಅಂದರು ಅಮ್ಮ.

ಹಿಂದಿನ ಪ್ಲಾಸ್ಟಿಕ್ ಕಿಟಕಿ ಇನ್ನೂ ಮಬ್ಬಾಗಿದೆ. ಅದನ್ನು ಮಂಗಳೂರಲ್ಲಿ ಸೀಟು ಹೊಲಿಯುವವರಿಗೇ ಕೊಡುತ್ತೇನೆ.