ಹೃದಯ–ರಕ್ತನಾಳಗಳ ಎಂಆರ್‌ಐ: ಟಿ ಅಲೆಯಿಂದ ಉಡಿದಾರದವರೆಗೆ

ಮುಂಬಯಿ, ಪುಣೆ, ಗೋವಾದ ಸ್ಕ್ಯಾನ್ ಕೋಣೆಗಳಲ್ಲಿ ದುಡಿಯುವ ಕನ್ನಡಿಗರ ಬಳಗದ ಈ ವಾರದ ಪ್ರಶ್ನೋತ್ತರ. ಉತ್ತರಿಸುವವರು ಮೂವರು: ಠಾಣೆಯ ಹಿರಿಯ ಟೆಕ್ನಾಲಜಿಸ್ಟ್, ಪುಣೆಯ ಎಂಆರ್ ಭೌತವಿಜ್ಞಾನಿ, ಪರೇಲ್‌ನ ರೇಡಿಯಾಲಜಿಸ್ಟ್. ಚಿತ್ರ ಹಾಕುವವರು ರೋಗಿಯ ಹೆಸರು ಅಳಿಸಿಯೇ ಹಾಕಬೇಕು.

ಪ್ರಶ್ನೆ, ನವಿ ಮುಂಬಯಿಯ ಟೆಕ್ನಾಲಜಿಸ್ಟ್: ಅಣ್ಣಾ, ನಮ್ಮದು 3 ಟೆಸ್ಲಾ (ಕಾಂತದ ಬಲದ ಅಳತೆ) ಯಂತ್ರ. ರೋಗಿ ಹೊರಗೆ ಮಲಗಿದ್ದಾಗ ಇಸಿಜಿ ಚೆನ್ನಾಗಿಯೇ ಇರುತ್ತದೆ. ಟೇಬಲ್ ಒಳಗೆ ಹೋದ ಕೂಡಲೇ ನಾಡಿ 70 ಇದ್ದದ್ದು ಪರದೆಯ ಮೇಲೆ 140 ಆಗುತ್ತದೆ. ಸಿನಿಯಲ್ಲಿ, ಅಂದರೆ ಹೃದಯ ಬಡಿಯುವುದನ್ನು ತೋರಿಸುವ ಚಲನಚಿತ್ರದಲ್ಲಿ, ಹೃದಯದ ಗೋಡೆ ಮಸುಕು. ಎಲೆಕ್ಟ್ರೋಡ್ ಬದಲಿಸಿದರೂ ಅದೇ ಕಥೆ.

ಠಾಣೆಯ ಟೆಕ್ನಾಲಜಿಸ್ಟ್: ಯಂತ್ರ ಚಿತ್ರಕ್ಕೆ ಹೊತ್ತು ಹಿಡಿಯುವುದು ಇಸಿಜಿಯ ಆರ್ ಅಲೆ, ಅಂದರೆ ಪ್ರತಿ ಬಡಿತದ ಚೂಪು ಏರಿಕೆ, ನೋಡಿ. ನಿಮ್ಮ ಯಂತ್ರ ಅದರ ಹಿಂದೆ ಬರುವ ಟಿ ಅಲೆಯನ್ನೂ ಆರ್ ಅಲೆ ಅಂತ ಎಣಿಸುತ್ತಿದೆ, ಅದಕ್ಕೇ ಸರಿಯಾಗಿ ಎರಡರಷ್ಟು. ರಕ್ತ ವಿದ್ಯುತ್ ಹರಿಸುವ ದ್ರವ. ಅದು ಕಾಂತಕ್ಷೇತ್ರಕ್ಕೆ ಅಡ್ಡಲಾಗಿ ಹರಿದರೆ ತಾನೇ ಒಂದು ವೋಲ್ಟೇಜ್ ಹುಟ್ಟಿಸುತ್ತದೆ. ಹೃದಯದಿಂದ ಹೊರಡುವ ಮಹಾಧಮನಿ ಅಯೋರ್ಟಾದ ಕಮಾನಿನಲ್ಲಿ ಹರಿವು ಜೋರಾಗಿರುವುದು ಹೃದಯ ಕುಗ್ಗುವಾಗ, ಇಸಿಜಿಯಲ್ಲಿ ಅದು ಎಸ್‌ಟಿ–ಟಿ ಭಾಗ. ಹಾಗಾಗಿ ಅಲ್ಲೇ ಗುಡ್ಡ ಏಳುತ್ತದೆ. ಕ್ಷೇತ್ರ ಹೆಚ್ಚಿದಷ್ಟೂ ಗುಡ್ಡವೂ ಹೆಚ್ಚು. 1.5 ಟೆಸ್ಲಾದಲ್ಲಿ ನಡೆದುಹೋಗುವ ಜೋಡಣೆ 3ರಲ್ಲಿ ಕೈಕೊಡುವುದು ಇದಕ್ಕೇ. ಎಲೆಕ್ಟ್ರೋಡ್ ಬದಲಿಸಿದರೆ ಸಾಲದು, ಜಾಗ ಬದಲಿಸಬೇಕು.

ಮೊದಲು ಚರ್ಮ. ನಮ್ಮೂರಿನ ಸೆಕೆಯಲ್ಲಿ ಲೋಕಲ್ ಹತ್ತಿ ಬಂದವರ ಎದೆ ಬೆವರು, ಪೌಡರ್ ಸೇರಿ ಅಂಟಂಟಾಗಿರುತ್ತದೆ. ಸ್ಪಿರಿಟ್ ಹಚ್ಚಬೇಡಿ, ಅದು ಚರ್ಮವನ್ನು ಒಣಗಿಸಿ ಸಿಗ್ನಲ್ಲಿಗೆ ಇನ್ನಷ್ಟು ತಡೆ ಒಡ್ಡುತ್ತದೆ. ಕೂದಲು ತೆಗೆದು, ಒದ್ದೆ ಗಾಜ್‌ನಿಂದ ಅಥವಾ ಉಜ್ಜುವ ಜೆಲ್‌ನಿಂದ ಚರ್ಮ ತುಸು ಕೆಂಪಾಗುವಷ್ಟು ತಿಕ್ಕಿ, ಪೂರ್ತಿ ಒರೆಸಿ. ಎಲೆಕ್ಟ್ರೋಡ್ ಎಂಆರ್‌ಐಗೆ ಒಪ್ಪಿದ್ದೇ ಇರಬೇಕು. ನಿನ್ನೆ ಒಡೆದ ಪೊಟ್ಟಣದ್ದು ಬೇಡ, ಏಸಿ ಕೋಣೆಯಲ್ಲಿ ಅದರ ಜೆಲ್ ರಾತ್ರೋರಾತ್ರಿ ಒಣಗಿರುತ್ತದೆ.

ನಾಲ್ಕನ್ನೂ ಎದೆಯ ಎಡಭಾಗದಲ್ಲಿ ಹತ್ತಿರ ಹತ್ತಿರ ಅಂಟಿಸಿ. ದೂರ ದೂರ ಹಾಕಿದಷ್ಟೂ ಮಧ್ಯದ ರಕ್ತದ ವೋಲ್ಟೇಜ್ ಹೆಚ್ಚು ಸೇರಿಕೊಳ್ಳುತ್ತದೆ. ತಂತಿಗಳು ಸುತ್ತಿಕೊಳ್ಳಬಾರದು, ಬರಿ ಮೈಗೆ ತಾಗಬಾರದು. ಕೆಳಗೆ ಟವೆಲ್ ಹಾಸಿ, ಸುರಂಗದ ಉದ್ದಕ್ಕೆ ನೇರವಾಗಿ ಹೊರಗೆ ತನ್ನಿ. ಸುತ್ತಿದ ತಂತಿ ಚಿತ್ರ ಕೆಡಿಸುವುದಷ್ಟೇ ಅಲ್ಲ, ಮೈ ಸುಡುತ್ತದೆ. ಅಲೆ ಹೇಗಿದೆ ಅನ್ನುವುದನ್ನು ರೋಗಿಯನ್ನು ಒಳಗೆ ಬಿಟ್ಟ ಮೇಲೆಯೇ ನಿರ್ಧರಿಸಿ. ಹೊರಗೆ ಚೆಂದ ಕಂಡದ್ದಕ್ಕೆ ಅರ್ಥವಿಲ್ಲ. ವೆಕ್ಟರ್ ಇಸಿಜಿ (ಅಲೆಯ ದಿಕ್ಕನ್ನೂ ನೋಡಿ ಆರ್ ಅಲೆ ಗುರುತಿಸುವಂಥದ್ದು) ಇದ್ದರೆ ಅದನ್ನು ಮತ್ತೊಮ್ಮೆ ಕಲಿಯಲು ಬಿಡಿ.

ಯಾವುದೂ ಆಗದಿದ್ದರೆ ಬೆರಳಿನ ಪಲ್ಸ್. ಆದರೆ ನಾಡಿಯ ಅಲೆ ಬೆರಳು ಮುಟ್ಟುವುದು ಆರ್ ಅಲೆಯಾದ 200ರಿಂದ 300 ಮಿಲಿಸೆಕೆಂಡಿನ ಮೇಲೆ. ಸಿನಿಯಲ್ಲಿ ಇದರಿಂದ ಚಕ್ರದ ಆರಂಭ ಸರಿಯುತ್ತದೆ, ಅಷ್ಟೇ. ಗ್ಯಾಡೋಲಿನಿಯಂ ಎಂಬ ಕಾಂಟ್ರಾಸ್ಟ್ ಔಷಧ ಕೊಟ್ಟು ತಡವಾಗಿ ತೆಗೆಯುವ ಚಿತ್ರಕ್ಕೆ ಮಾತ್ರ ಟ್ರಿಗರ್ ಡಿಲೇ (ಅಲೆ ಕಂಡ ಮೇಲೆ ಯಂತ್ರ ಕಾಯುವ ಹೊತ್ತು) ಹೊಸದಾಗಿ ಲೆಕ್ಕ ಹಾಕಬೇಕು, ಇಲ್ಲವಾದರೆ ಹೃದಯ ಸಡಿಲವಾಗಿರುವ ಹೊತ್ತು ತಪ್ಪಿಹೋಗುತ್ತದೆ. ಕೈ ತಣ್ಣಗಿದ್ದರೆ ಪಲ್ಸೂ ಸಿಗುವುದಿಲ್ಲ, ಕಂಬಳಿ ಹೊದಿಸಿ.

ಅವರದೇ ಮರುಪ್ರಶ್ನೆ: ಉಸಿರಿನದೂ ತೊಂದರೆ ಅಣ್ಣಾ. ಶಾರ್ಟ್ ಆಕ್ಸಿಸ್‌ನಲ್ಲಿ (ಹೃದಯವನ್ನು ಅಡ್ಡಕೊಯ್ದಂತೆ ತೆಗೆಯುವ ಚಿತ್ರಗಳಲ್ಲಿ) ಒಂದು ಸ್ಲೈಸ್‌ಗೂ ಇನ್ನೊಂದಕ್ಕೂ ತಾಳೆಯಾಗುವುದಿಲ್ಲ. ವಯಸ್ಸಾದ ನಮ್ಮ ಕಡೆಯ ಹೆಂಗಸರಿಗೆ ಯಂತ್ರದ ಇಂಗ್ಲಿಷ್ ದನಿ ತಿಳಿಯದು, ನಾನೇ ಕನ್ನಡದಲ್ಲಿ ಹೇಳಿದರೂ ಹೀಗೇ.

ಠಾಣೆಯ ಟೆಕ್ನಾಲಜಿಸ್ಟ್: ತಪ್ಪು ಆ ಮಾತಿನಲ್ಲೇ ಇದೆ. ಕನ್ನಡದಲ್ಲಿ “ಉಸಿರು ಹಿಡಿಯಿರಿ” ಅಂದರೆ ಯಾರೇ ಆದರೂ ಮೊದಲು ಗಬಕ್ಕನೆ ಎಳೆದುಕೊಂಡು ಆಮೇಲೆ ಹಿಡಿಯುತ್ತಾರೆ. ನಿಮಗೆ ಬೇಕಿರುವುದು ಉಸಿರು ಬಿಟ್ಟ ಮೇಲಿನ ನಿಲುಗಡೆ, ಏಕೆಂದರೆ ವಪೆ (ಡಯಾಫ್ರಮ್) ಪ್ರತಿ ಸಲವೂ ಹೆಚ್ಚುಕಡಿಮೆ ಅದೇ ಜಾಗಕ್ಕೆ ಬಂದು ನಿಲ್ಲುವುದು ಆಗಲೇ. ಎಳೆದು ಹಿಡಿದರೆ ಒಂದೊಂದು ಸಲ ಒಂದೊಂದು ಅಳತೆ. ಹಾಗಾಗಿ “ಹಿಡಿ” ಅನ್ನುವ ಪದವನ್ನೇ ಬಿಟ್ಟುಬಿಡಿ. “ಉಸಿರು ತಗೊಳ್ಳಿ… ಬಿಡಿ… ಹಾಗೇ ಇರಿ, ಅಲ್ಲಾಡಬೇಡಿ” ಅನ್ನಿ. ಕೊನೆಗೆ “ಈಗ ಉಸಿರಾಡಿ” ಅನ್ನುವುದನ್ನು ಮರೆಯಬೇಡಿ, ಕೆಲವರು ನೀವು ಹೇಳುವವರೆಗೂ ಕಾಯುತ್ತಲೇ ಇರುತ್ತಾರೆ! ಒಳಗೆ ಬಿಡುವ ಮುನ್ನ ಹೊಟ್ಟೆಯ ಮೇಲೆ ಕೈಯಿಟ್ಟು ಮೂರು ಸಲ ಅಭ್ಯಾಸ ಮಾಡಿಸಿ. 8 ಮಿ.ಮೀ. ಸ್ಲೈಸ್, 2 ಮಿ.ಮೀ. ಅಂತರ ಅಂದರೆ ಹತ್ತು ಹನ್ನೆರಡು ಸಲ ಇದೇ ಆಟ. ನಡುವೆ 15 ಸೆಕೆಂಡಾದರೂ ಬಿಡುವು ಕೊಡಿ. ಅಷ್ಟೂ ಆಗದವರಿಗೆ ರಿಯಲ್ ಟೈಮ್ ಸಿನಿ ತೆಗೆಯಿರಿ. ಚಿತ್ರ ಒರಟು, ಆದರೂ ಮಸುಕಾದ ಚೆಂದದ ಚಿತ್ರಕ್ಕಿಂತ ವಾಸಿ.

ಪ್ರಶ್ನೆ, ಪುಣೆಯ ಪಿಎಚ್‌ಡಿ ವಿದ್ಯಾರ್ಥಿನಿ: ಸರ್, ಆರೋಗ್ಯವಂತ ಸ್ವಯಂಸೇವಕರಲ್ಲಿ ಫೇಸ್ ಕಾಂಟ್ರಾಸ್ಟ್ (ರಕ್ತದ ವೇಗ ಅಳೆಯುವ ಎಂಆರ್‌ಐ ವಿಧಾನ) ಬಳಸಿ ಅಯೋರ್ಟಾ ಮತ್ತು ಶ್ವಾಸಕೋಶಕ್ಕೆ ಹೋಗುವ ಪಲ್ಮನರಿ ಆರ್ಟರಿಯ ಹರಿವು ಅಳೆಯುತ್ತಿದ್ದೇನೆ. ಪಲ್ಮನರಿಯದನ್ನು ಅಯೋರ್ಟಾದ್ದರಿಂದ ಭಾಗಿಸಿದ ಅನುಪಾತ 1ರ ಹತ್ತಿರ ಬರಬೇಕಲ್ಲ, ನನಗೆ 1.15, 1.2 ಬರುತ್ತಿದೆ. ವೆಂಕ್ (ಅಳೆಯಲು ಇಟ್ಟ ವೇಗದ ಮಿತಿ) ಎರಡಕ್ಕೂ 150. ಒಬ್ಬರ ಅಯೋರ್ಟಾದ ನಡುವೆ ಕಪ್ಪು ಚುಕ್ಕೆ ಕಾಣುತ್ತಿದೆ, ರಕ್ತ ಹಿಂದಕ್ಕೆ ಹರಿಯುತ್ತಿದೆಯೇ?

ಪುಣೆಯ ಭೌತವಿಜ್ಞಾನಿ: ಚುಕ್ಕೆ ಹಿಂದಿನ ಹರಿವಲ್ಲ ಮೇಡಂ, ಸುತ್ತಿ ಬಂದದ್ದು. ವೆಂಕ್ 150 ಎಂದರೆ −150ರಿಂದ +150 ಸೆಂ.ಮೀ./ಸೆ. ತನಕದ ವೇಗವನ್ನು −180ರಿಂದ +180 ಡಿಗ್ರಿ ಫೇಸಿನ ಮೇಲೆ ಹಾಸಿದ್ದೀರಿ. ನಡುವೆ ರಕ್ತ 170ರಲ್ಲಿ ಓಡಿದರೆ ಅದು 170 − 300, ಅಂದರೆ −130 ಎಂದು ದಾಖಲಾಗುತ್ತದೆ. ಬಿಳಿಯ ನಡುವೆ ಒಮ್ಮೆಲೇ ಕಪ್ಪು ಬಂದರೆ ಇದೇ ಅನ್ನಿ. ನಿಜವಾದ ಹಿಂದಿನ ಹರಿವಿಗೆ ಬಿಳಿ, ಬೂದು, ಕಪ್ಪು ಎಂದು ಮೆಟ್ಟಿಲಿರುತ್ತದೆ. ಹಾಗಂತ ಎಲ್ಲರಿಗೂ 400 ಇಡಬೇಡಿ, ವೇಗದ ನಾಯ್ಸ್ ವೆಂಕ್‌ಗೆ ತಕ್ಕಂತೆ ಏರುತ್ತದೆ. ನಿರೀಕ್ಷಿತ ಗರಿಷ್ಠ ವೇಗಕ್ಕಿಂತ ಶೇ. 20–25 ಮೇಲಿಡಿ. ಪಲ್ಮನರಿಗೆ ಸಾಮಾನ್ಯವಾಗಿ 100–120 ಸಾಕಾಗುತ್ತದೆ.

ಅನುಪಾತ ತಪ್ಪುವುದಕ್ಕೆ ನನ್ನ ಅನುಮಾನ ಬೇರೆ ಕಡೆ. ಗ್ರೇಡಿಯಂಟ್‌ಗಳು (ಕಾಂತಕ್ಷೇತ್ರವನ್ನು ಜಾಗದಿಂದ ಜಾಗಕ್ಕೆ ಬದಲಿಸುವ ಸುರುಳಿಗಳು) ಯಂತ್ರದ ಲೋಹದಲ್ಲಿ ಹುಟ್ಟಿಸುವ ಎಡ್ಡಿ ಕರೆಂಟ್‌ಗಳಿಂದ, ಅಲ್ಲಾಡದ ಜಾಗಕ್ಕೂ ಒಂದಿಷ್ಟು ಸುಳ್ಳು ವೇಗ ಅಂಟಿರುತ್ತದೆ. ಎಷ್ಟು ಮಹಾ ಅನ್ನಬೇಡಿ, ಲೆಕ್ಕ ಹಾಕಿ. ಅಯೋರ್ಟಾದ ವ್ಯಾಸ 3 ಸೆಂ.ಮೀ., ಅಡ್ಡಕೊಯ್ತ ಸುಮಾರು 7 ಚದರ ಸೆಂ.ಮೀ. ಸುಳ್ಳು ವೇಗ ಬರೀ 0.6 ಸೆಂ.ಮೀ./ಸೆ. ಎಂದಿಟ್ಟುಕೊಂಡರೂ ಸೆಕೆಂಡಿಗೆ 4.2 ಮಿ.ಲೀ., ನಿಮಿಷಕ್ಕೆ 250 ಮಿ.ಲೀ. ಹೃದಯ ನಿಮಿಷಕ್ಕೆ 5 ಲೀಟರ್ ತಳ್ಳುವುದಾದರೆ ಇದು ಶೇ. 5. ಅಯೋರ್ಟಾದಲ್ಲಿ ಇಷ್ಟು ಕಡಿಮೆ, ಪಲ್ಮನರಿಯಲ್ಲಿ ಇಷ್ಟು ಹೆಚ್ಚು ಆಯಿತೋ, ಅನುಪಾತ 1.1. ಸುಳ್ಳು ವೇಗ ಇಡೀ ಚಕ್ರದುದ್ದಕ್ಕೂ ಕೂಡುತ್ತಲೇ ಹೋಗುವುದರಿಂದ ಗರಿಷ್ಠ ವೇಗದ ಸಂಖ್ಯೆಯಲ್ಲಿ ಇದು ಕಣ್ಣಿಗೇ ಬೀಳುವುದಿಲ್ಲ.

ಮಾಡಬೇಕಾದ್ದು: ಅಳೆಯುವ ನಾಳ ಯಂತ್ರದ ನಡುಬಿಂದುವಿಗೆ ಬರುವಂತೆ ಟೇಬಲ್ ಸರಿಸಿ. ಸ್ಲೈಸ್ ಎರಡು ದಿಕ್ಕಿನಿಂದಲೂ ನಾಳಕ್ಕೆ ಲಂಬವಾಗಿದೆಯೇ ನೋಡಿ. ಸ್ವಯಂಸೇವಕರು ಇಳಿದ ಕೂಡಲೇ ಜೆಲ್ ತುಂಬಿದ ಫ್ಯಾಂಟಮ್ (ಮನುಷ್ಯರ ಬದಲು ಇಡುವ ಪರೀಕ್ಷಾ ಡಬ್ಬಿ) ಇಟ್ಟು, ಅದೇ ಕೋನ, ಅದೇ ವೆಂಕ್, ಅದೇ ಟೇಬಲ್ ಜಾಗದಲ್ಲಿ, ಕೃತಕ ಇಸಿಜಿ ಕೊಟ್ಟು ಮತ್ತೊಮ್ಮೆ ಸ್ಕ್ಯಾನ್ ಮಾಡಿ, ಅಲ್ಲಿ ಬಂದ ವೇಗವನ್ನು ಕಳೆಯಿರಿ. ನೀರಿನ ಬಾಟಲಿಯಾದರೆ ಒಳಗಿನ ನೀರು ಕುಲುಕುತ್ತಿರುತ್ತದೆ, ಜೆಲ್ಲೇ ಒಳ್ಳೆಯದು. ಕೊನೆಗೆ ಅಯೋರ್ಟಾದ ಹರಿವನ್ನು ಸಿನಿಯಿಂದ ಬಂದ ಎಡ ಕುಹರದ ಸ್ಟ್ರೋಕ್ ವಾಲ್ಯೂಮ್ (ಒಂದು ಬಡಿತಕ್ಕೆ ತಳ್ಳುವ ರಕ್ತ) ಜೊತೆ ಹೋಲಿಸಿ. ಯಾವ ನಾಳ ಸುಳ್ಳು ಹೇಳುತ್ತಿದೆ ಎಂದು ಆಗ ಗೊತ್ತಾಗುತ್ತದೆ.

ವಿದ್ಯಾರ್ಥಿನಿ: 4ಡಿ ಫ್ಲೋ (ಒಂದೇ ಸ್ಲೈಸ್ ಬದಲು ಇಡೀ ಎದೆಯ ಹರಿವನ್ನು ಅಳೆಯುವುದು) ಮಾಡಿದರೆ ಈ ತಲೆನೋವು ತಪ್ಪುತ್ತದೆಯೇ ಸರ್?

ಭೌತವಿಜ್ಞಾನಿ: ಇಲ್ಲ. ಸ್ಲೈಸ್ ಆಮೇಲೆ ಎಲ್ಲಿ ಬೇಕಾದರೂ ಇಟ್ಟುಕೊಳ್ಳಬಹುದು, ಅದು ಲಾಭ. ಸುಳ್ಳು ವೇಗ ಅಲ್ಲೂ ಇರುತ್ತದೆ, ವೆಂಕ್ ಮಾತ್ರ ಎಲ್ಲ ನಾಳಗಳಿಗೂ ಒಂದೇ. ಮೊದಲು 2ಡಿ ಸರಿ ಮಾಡಿಕೊಳ್ಳಿ.

ಪ್ರಶ್ನೆ, ಗೋವಾದ ರೇಡಿಯಾಲಜಿ ರೆಸಿಡೆಂಟ್: ಮೇಡಂ, ಇಸಿವಿ ಲೆಕ್ಕಕ್ಕೆ ಹಿಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಶೇಕಡಾ ಪಾಲು) ಬೇಕಂತೆ. ಹಿಂದಿನ ತಿಂಗಳ ವರದಿ ಇದ್ದರೆ ಸಾಕೇ? ಇಲ್ಲದಿದ್ದರೆ 40 ಅಂತ ಹಾಕಬಹುದೇ?

ಪರೇಲ್‌ನ ರೇಡಿಯಾಲಜಿಸ್ಟ್: ಎರಡೂ ಬೇಡಪ್ಪ. ಇಸಿವಿ ಅಂದರೆ ಹೃದಯದ ಸ್ನಾಯುವಿನಲ್ಲಿ ಕೋಶಗಳ ಹೊರಗಿನ ಜಾಗದ ಪಾಲು; ನಾರುಗಟ್ಟಿದರೆ, ಅಮಿಲಾಯ್ಡ್ ತುಂಬಿದರೆ ಏರುತ್ತದೆ. ಒಂದು ಉದಾಹರಣೆ. ಸ್ನಾಯುವಿನ ಟಿ1 (ಅದರ ಎಂಆರ್ ಸಿಗ್ನಲ್ ಚೇತರಿಸಿಕೊಳ್ಳಲು ಹಿಡಿಯುವ ಹೊತ್ತು) ಗ್ಯಾಡೋಲಿನಿಯಂ ಕೊಡುವ ಮುಂಚೆ 1000, 15 ನಿಮಿಷದ ನಂತರ 450 ಮಿಲಿಸೆಕೆಂಡ್. ರಕ್ತದ್ದು 1550 ಮತ್ತು 300. ಸ್ನಾಯುವಿಗೆ 1/450 − 1/1000 = 0.00122. ರಕ್ತಕ್ಕೆ 1/300 − 1/1550 = 0.00269. ಭಾಗಿಸಿದರೆ 0.455. ಇದನ್ನು (1 − ಹಿಮಟೋಕ್ರಿಟ್) ಇಂದ ಗುಣಿಸಬೇಕು. 0.40 ಹಾಕಿದರೆ ಶೇ. 27, ಹೆಚ್ಚುಕಡಿಮೆ ಸಹಜವೇ ಅನ್ನಿಸುತ್ತದೆ. ಆದರೆ ಆ ರೋಗಿಗೆ ರಕ್ತಹೀನತೆ ಇದ್ದು ನಿಜವಾದ ಅಂಕಿ 0.30 ಆಗಿದ್ದರೆ ಉತ್ತರ ಶೇ. 32! ಊಹೆಯ ಒಂದು ಅಂಕಿ ಕಾಯಿಲೆಯನ್ನೇ ಮುಚ್ಚಿಹಾಕಿತು. ನಮ್ಮ ರೋಗಿಗಳಲ್ಲಿ ರಕ್ತಹೀನತೆ ಎಷ್ಟು ಸಾಮಾನ್ಯ ಎಂದು ನಿಮಗೆ ಹೇಳಬೇಕಿಲ್ಲ. ಸ್ಕ್ಯಾನ್‌ಗೆ ಕ್ಯಾನುಲಾ ಹಾಕುತ್ತೀರಲ್ಲ, ಆಗಲೇ, ಮಲಗಿಸಿಯೇ ರಕ್ತ ತೆಗೆದು ಕಳಿಸಿ. ನಿಂತವರ ಹಿಮಟೋಕ್ರಿಟ್ ಮಲಗಿದವರದಕ್ಕಿಂತ ಹೆಚ್ಚಿರುತ್ತದೆ. ರಕ್ತದ ವೃತ್ತ ಹಾಕುವಾಗ ಪ್ಯಾಪಿಲ್ಲರಿ ಸ್ನಾಯು ಒಳಗೆ ಬರಬಾರದು, ಸ್ನಾಯುವಿನದು ಸೆಪ್ಟಂನ (ಎರಡು ಕುಹರಗಳ ನಡುಗೋಡೆ) ನಡುಭಾಗದಲ್ಲೇ ಇರಲಿ.

ಅವರದೇ ಇನ್ನೊಂದು: ಥಲಸ್ಸೀಮಿಯಾ ಮಕ್ಕಳ ಹೃದಯದಲ್ಲಿ ಸೇರಿದ ಕಬ್ಬಿಣಕ್ಕೆ ಟಿ2 ಸ್ಟಾರ್ (ಕಬ್ಬಿಣ ಹೆಚ್ಚಿದಷ್ಟೂ ಇಳಿಯುವ ಎಂಆರ್ ಅಳತೆ) 3 ಟೆಸ್ಲಾದಲ್ಲಿ ನೋಡಬಹುದೇ?

ರೇಡಿಯಾಲಜಿಸ್ಟ್: 1.5ರಲ್ಲೇ ಮಾಡಿ. 20 ಮಿಲಿಸೆಕೆಂಡಿನ ಮೇಲಿದ್ದರೆ ಸರಿ, 10ಕ್ಕಿಂತ ಕೆಳಗಿದ್ದರೆ ಹೃದಯ ಸೋಲುವ ಅಪಾಯ ತೀವ್ರ. ಈ ಗಡಿಗಳು 1.5 ಟೆಸ್ಲಾದವು, 3ಕ್ಕೆ ಹೊಂದುವುದಿಲ್ಲ.

ಪ್ರಶ್ನೆ, ಡೊಂಬಿವಲಿಯ ಗೃಹಿಣಿ: ನಮಸ್ಕಾರ ಡಾಕ್ಟ್ರೇ. ನಮ್ಮ ಮಾವನವರಿಗೆ 68 ವರ್ಷ, ಮೂರು ವಾರದ ಹಿಂದೆ ಸ್ಟೆಂಟ್ ಹಾಕಿದ್ದಾರೆ. ಈಗ ಅಡಿನೊಸಿನ್ ಎಂಬ ರಕ್ತನಾಳ ಹಿಗ್ಗಿಸುವ ಔಷಧ ಕೊಟ್ಟು ಹೃದಯದ ಎಂಆರ್‌ಐ ಮಾಡಬೇಕಂತೆ. ಸ್ಟೆಂಟ್‌ನ ಲೋಹವನ್ನು ಕಾಂತ ಎಳೆದುಬಿಡುವುದಿಲ್ಲವೇ? ಆರು ವಾರ ಕಾಯಿರಿ ಅಂತ ನೆರೆಯವರು ಹೇಳುತ್ತಾರೆ.

ಪರೇಲ್‌ನ ರೇಡಿಯಾಲಜಿಸ್ಟ್: ಆರು ವಾರದ ಮಾತು ಹಳೆಯದಮ್ಮಾ. ಈಗಿನ ಕೊರೊನರಿ ಸ್ಟೆಂಟ್‌ಗಳಿಗೆ 3 ಟೆಸ್ಲಾದವರೆಗೂ ಕಾಯುವ ಅಗತ್ಯವಿರುವುದಿಲ್ಲ. ಆದರೂ ಸ್ಟೆಂಟ್ ಕಾರ್ಡ್, ಡಿಸ್ಚಾರ್ಜ್ ಕಾಗದ ತನ್ನಿ, ಯಾವ ಮಾದರಿ ಎಂದು ಅವರು ನೋಡಿಕೊಳ್ಳಬೇಕು. ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳಿ, ಅದರ ನಿಯಮವೇ ಬೇರೆ. ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿಟ್ಟುಕೊಳ್ಳಿ. ಅದರಿಂದ ಲೆಕ್ಕ ಹಾಕುವ ಇಜಿಎಫ್‌ಆರ್ (ಮೂತ್ರಪಿಂಡ ಎಷ್ಟು ಸೋಸುತ್ತದೆ ಎಂಬ ಅಳತೆ) 30ಕ್ಕಿಂತ ಕಡಿಮೆ ಇದ್ದರೆ ಗ್ಯಾಡೋಲಿನಿಯಂ ಕೊಡುವ ಬಗ್ಗೆ ವೈದ್ಯರು ಬೇರೆಯಾಗಿ ಯೋಚಿಸುತ್ತಾರೆ.

ಹಿಂದಿನ 24 ಗಂಟೆ ಚಹಾ, ಕಾಫಿ, ಕೋಲಾ, ಚಾಕೊಲೇಟ್ ಏನೂ ಬೇಡ. ಅಡಿನೊಸಿನ್ ರಕ್ತನಾಳ ಹಿಗ್ಗಿಸಲು ಹಿಡಿಯುವ ಕೊಂಡಿಯನ್ನೇ ಕೆಫೀನ್ ಮೊದಲು ಹಿಡಿದು ಕೂತಿರುತ್ತದೆ. ಔಷಧ ಹೋದರೂ ನಾಳ ಹಿಗ್ಗದೆ, ಅಡಚಣೆ ಇದ್ದರೂ ಚಿತ್ರ ಸರಿಯಿದ್ದಂತೆ ಕಾಣುತ್ತದೆ. ಬೆಳಗ್ಗೆ ಸ್ಟೇಷನ್ ಹೊರಗಿನ ಅರ್ಧ ಕಟಿಂಗ್ ಚಹಾ ಕೂಡ ಲೆಕ್ಕಕ್ಕೆ ಬರುತ್ತದೆ. ಕುಡಿದುಬಿಟ್ಟಿದ್ದರೆ ಮುಚ್ಚಿಡದೆ ಹೇಳಲಿ, ದಿನ ಬದಲಿಸುತ್ತಾರೆ. ಅಸ್ತಮಾ ಇದ್ದರೆ, ಡೆರಿಫಿಲಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ತಿಳಿಸಲೇಬೇಕು. ತಾವಾಗಿ ಯಾವ ಮಾತ್ರೆಯನ್ನೂ ನಿಲ್ಲಿಸಬಾರದು.

ಠಾಣೆಯ ಟೆಕ್ನಾಲಜಿಸ್ಟ್: ಒಂದು ಮಾತು ಸೇರಿಸುತ್ತೇನೆ ಅಕ್ಕಾ. ಆ ಕಾಂತ ಸ್ಕ್ಯಾನ್ ಇಲ್ಲದಾಗಲೂ, ರಾತ್ರಿಯೂ ಆನ್ ಇರುತ್ತದೆ. 2018ರಲ್ಲಿ ನಮ್ಮ ಮುಂಬಯಿಯಲ್ಲೇ ಆಕ್ಸಿಜನ್ ಸಿಲಿಂಡರ್ ಹಿಡಿದು ಒಳಗೆ ಹೋದ ರೋಗಿಯ ಸಂಬಂಧಿಕರೊಬ್ಬರು ಪ್ರಾಣ ಕಳೆದುಕೊಂಡರು. ಜೊತೆಗೆ ಹೋಗುವ ನೀವೂ ಸೇಫ್ಟಿ ಪಿನ್, ಹೇರ್‌ಪಿನ್, ಕರಿಮಣಿ, ಕಾಲುಂಗುರ ತೆಗೆದಿಡಿ. ಜರಿ ಸೀರೆ ಬೇಡ.

ಡೊಂಬಿವಲಿಯಿಂದ: ಮಾವನವರ ಸೊಂಟದಲ್ಲಿ ಬೆಳ್ಳಿಯ ಉಡಿದಾರ ಇದೆ. ಬೆಳ್ಳಿಯನ್ನು ಕಾಂತ ಎಳೆಯುವುದಿಲ್ಲ ಅಂತ ಬಿಚ್ಚಲು ಒಪ್ಪುತ್ತಿಲ್ಲ.

ಟೆಕ್ನಾಲಜಿಸ್ಟ್: ಎಳೆಯುವುದಿಲ್ಲ, ಅವರು ಹೇಳುವುದು ನಿಜ. ಆದರೆ ಸೊಂಟ ಸುತ್ತಿದ ಲೋಹದ ಬಳೆ ಅದು. ರೇಡಿಯೊ ಅಲೆ ಬಿದ್ದಾಗ ಅದರಲ್ಲಿ ಕರೆಂಟ್ ಹರಿದು ಚರ್ಮ ಸುಡಬಹುದು. ಕೊಂಡಿಯಲ್ಲಿ ಉಕ್ಕಿನ ಸ್ಪ್ರಿಂಗ್ ಇದ್ದರೆ ಅದನ್ನು ಎಳೆಯಲೂಬಹುದು. ಬರಿ ಸೊಂಟ ಬೇಡ ಅನ್ನಿಸಿದರೆ ಹಿಂದಿನ ದಿನವೇ ಹತ್ತಿಯ ಕರಿದಾರ ಕಟ್ಟಿ, ಬೆಳ್ಳಿಯದನ್ನು ಮನೆಯಲ್ಲೇ ಬಿಚ್ಚಿಟ್ಟು ಬನ್ನಿ. ತೋಳಿನಲ್ಲಿ ತಾಯಿತ ಇದ್ದರೆ ಅದನ್ನೂ.