ಎರೆಮಣ್ಣಿನ ಊರಿನಲ್ಲಿ ಹವಳದ ತೊಟ್ಟಿ: ಎಂಟು ಅಡಿಯ ರೀಫ್ ಟ್ಯಾಂಕ್‌ಗೆ ಸಲಹೆ ಬೇಕು

ಬಾವಡಿದಂಡೆ, ವಿಜಯಪುರ:

ಎಲ್ಲರಿಗೂ ನಮಸ್ಕಾರ. ಹತ್ತು ವರ್ಷಗಳಿಂದ ಸಿಹಿನೀರಿನ ಮೀನುಗಳನ್ನು ಸಾಕಿಕೊಂಡು ಬಂದಿದ್ದೇನೆ. ಕಳೆದ ಚಳಿಗಾಲದಲ್ಲಿ ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೋಗಿ ನೀರಿನೊಳಗಿನ ಹವಳಗಳನ್ನು ಕಣ್ಣಾರೆ ಕಂಡು ಬಂದ ಮೇಲೆ, ಮನೆಯಲ್ಲಿಯೂ ಕಡಲಿನ ಒಂದು ತುಣುಕನ್ನು ಇಟ್ಟುಕೊಳ್ಳಬೇಕೆಂಬ ಹಂಬಲ ಹತ್ತಿಕೊಂಡಿದೆ. ಸಿದ್ಧ ತೊಟ್ಟಿಯನ್ನು ಕೊಳ್ಳದೆ, 8 ಅಡಿ ಉದ್ದ, 2.5 ಅಡಿ ಅಗಲ, 2 ಅಡಿ ಎತ್ತರದ ಗಾಜಿನ ತೊಟ್ಟಿಯನ್ನು ಅಳತೆ ಕೊಟ್ಟು ಮಾಡಿಸಬೇಕೆಂದಿದ್ದೇನೆ.

ನಮ್ಮ ಮನೆಯ ಕೆಳಗಿನ ಭಾಗ ಹಳೆಯದು, ಪಡಸಾಲೆಗೆ ಶಹಾಬಾದಿ ಫರ್ಸಿ ಹಾಸಿದೆ. ಮೇಲೆ ಆರು ವರ್ಷಗಳ ಹಿಂದೆ ಕಟ್ಟಿಸಿದ ಆರ್‌ಸಿಸಿ ಹಾಲ್ ಇದೆ. ಮನೆಯವರೆಲ್ಲರೂ ತೊಟ್ಟಿ ಮೇಲೆಯೇ ಇರಲಿ ಎನ್ನುತ್ತಾರೆ. ನೀರು ಕೊಳವೆ ಬಾವಿಯದು, ಸವುಳು, ಮೀಟರ್ ಹಿಡಿದರೆ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣದ ಅಳತೆ) 1400 ತೋರಿಸುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಹೊಸದೇನಲ್ಲ. ಗಾಳಿ ಮಳೆ ಬಂದರೆ ಕರೆಂಟ್ ನಾಲ್ಕೈದು ಗಂಟೆ ಇಲ್ಲದಿರುವುದೂ ಉಂಟು. ಗಾಜು ಕೊಯ್ಯಿಸುವ ಮೊದಲು ನಾನು ಯಾವುದನ್ನು ತೀರ್ಮಾನಿಸಿಕೊಳ್ಳಬೇಕು ಎಂಬುದನ್ನು ಅನುಭವಸ್ಥರು ತಿಳಿಸಿದರೆ ಉಪಕಾರವಾಗುತ್ತದೆ.

ನವನಗರದವ, ಬಾಗಲಕೋಟೆ:

ಸರ್, ನಾನು ಮೀನು ಸಾಕಿದವನಲ್ಲ. ಮನೆ ಕಟ್ಟಿಸುವ ಕೆಲಸದಲ್ಲಿರುವವನು. ಹೀಗಾಗಿ ಭಾರದ ಬಗ್ಗೆ ಮಾತ್ರ ಹೇಳುತ್ತೇನೆ.

ನಿಮ್ಮ ಅಳತೆಗೆ ತೊಟ್ಟಿಯ ಗಾತ್ರ 40 ಘನ ಅಡಿ, ಅಂದರೆ ಸುಮಾರು 1,130 ಲೀಟರ್. ಉಪ್ಪು ನೀರು ಸಿಹಿನೀರಿಗಿಂತ ತುಸು ಭಾರವಾದ್ದರಿಂದ ನೀರೊಂದೇ 1,150 ಕಿಲೋ ಮೀರುತ್ತದೆ. 12 ಮಿಲಿಮೀಟರ್ ಗಾಜು ಪ್ರತಿ ಚದರ ಮೀಟರಿಗೆ 30 ಕಿಲೋ ತೂಗುತ್ತದೆ. ಅದರ ಲೆಕ್ಕದಲ್ಲಿ ಗಾಜು 190 ಕಿಲೋದಷ್ಟಾಗುತ್ತದೆ. ಕಲ್ಲು, ಮರಳು, ಕಬ್ಬಿಣದ ಸ್ಟ್ಯಾಂಡ್, ಮೇಲಿನ ನೀರು ಇಳಿದು ಪಂಪಿನಿಂದ ಮತ್ತೆ ಮೇಲೇರಲು ಕೆಳಗೆ ಇಡುವ ಇನ್ನೊಂದು ತೊಟ್ಟಿ (ಸಂಪ್) ಎಲ್ಲವನ್ನೂ ಸೇರಿಸಿದರೆ ಒಟ್ಟು 1,800 ಕಿಲೋ ಆಸುಪಾಸಿಗೆ ಬಂದು ನಿಲ್ಲುತ್ತದೆ. ಇದೆಲ್ಲ 20 ಚದರ ಅಡಿ ಜಾಗದ ಮೇಲೆ ಕೂರುವುದರಿಂದ ಪ್ರತಿ ಚದರ ಮೀಟರಿಗೆ 950 ಕಿಲೋಗಿಂತ ಹೆಚ್ಚು ಒತ್ತಡ ಬೀಳುತ್ತದೆ. ವಾಸದ ಮನೆಯ ಸ್ಲ್ಯಾಬನ್ನು ನಮ್ಮ ಐಎಸ್ 875 ಸಂಹಿತೆಯ ಪ್ರಕಾರ ಲೆಕ್ಕ ಹಾಕುವಾಗ ಜನ ಮತ್ತು ಸಾಮಾನಿನ ಭಾರವೆಂದು ಹಿಡಿಯುವುದು ಚದರ ಮೀಟರಿಗೆ ಸುಮಾರು 200 ಕಿಲೋ. ಸ್ಲ್ಯಾಬ್ ನಾಳೆಯೇ ಕುಸಿಯುತ್ತದೆ ಎಂದು ನಾನು ಹೆದರಿಸುತ್ತಿಲ್ಲ. ಆದರೆ ಅದು ಕೂದಲೆಳೆಯಷ್ಟು ಬಾಗಿದರೂ ಗಾಜಿನ ಕೀಲುಗಳ ಮೇಲೆ ಒತ್ತಡ ಬೀಳುತ್ತದೆ, ಮತ್ತು ಈ ಭಾರ ಮದುವೆಯ ದಿನ ನೆರೆದು ಹೋಗುವ ಜನರ ಭಾರದಂತಲ್ಲ, ವರ್ಷಗಟ್ಟಲೆ ಒಂದೇ ಜಾಗದಲ್ಲಿ ಕುಳಿತಿರುತ್ತದೆ. ತೊಲೆಗಳು ಎಲ್ಲಿವೆ, ಎಷ್ಟು ಕಬ್ಬಿಣ ಹಾಕಿದ್ದಾರೆ ಎಂಬ ನಕ್ಷೆಯನ್ನು ನೋಡಿ ಒಬ್ಬ ಎಂಜಿನಿಯರ್ ಬರಹದಲ್ಲಿ ಒಪ್ಪಿಗೆ ಕೊಡದ ಹೊರತು ಮೇಲಿನ ಹಾಲ್ ಬೇಡ.

ಕೆಳಗಿನ ಪಡಸಾಲೆಯೇ ಸರಿ, ಆದರೆ ಫರ್ಸಿಯ ಮೇಲೆ ನೇರವಾಗಿ ಇಡಬೇಡಿ. ಹಳೆಯ ಮನೆಗಳಲ್ಲಿ ಫರ್ಸಿಯ ಕೆಳಗೆ ಸಡಿಲ ಮಣ್ಣು ತುಂಬಿರುತ್ತದೆ. ಕೋಲಿನಿಂದ ಬಡಿದರೆ ಪೊಳ್ಳು ಸದ್ದು ಬರುವ ಕಡೆ ಕಲ್ಲಿಗೆ ಆಧಾರವೇ ಇರುವುದಿಲ್ಲ. 10 ಅಡಿ ಉದ್ದ, 4 ಅಡಿ ಅಗಲದಷ್ಟು ಫರ್ಸಿಯನ್ನು ಎಬ್ಬಿಸಿ, ಸಡಿಲ ಮಣ್ಣನ್ನು ತೆಗೆದು, ಗರಸು ಹಾಕಿ ಚೆನ್ನಾಗಿ ದಮ್ಮಸು ಮಾಡಿಸಿ, ಅದರ ಮೇಲೆ ಕಬ್ಬಿಣದ ಜಾಲರಿಯೊಂದಿಗೆ 6 ಅಂಗುಲ ಕಾಂಕ್ರೀಟ್ ಹಾಕಿಸಿ. ಇನ್ನೊಂದು ಮಾತನ್ನು ನಿಮ್ಮ ಊರಿನವರಿಗೆ ಹೇಳಲೇಬೇಕು. ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ಈ ಏರಿಳಿತ ಹೆಚ್ಚಾಗಿ ಕಾಣುವುದು ಹೊರಗೋಡೆಯ ಬುಡದಲ್ಲಿ. ಆದ್ದರಿಂದ ತೊಟ್ಟಿಯನ್ನು ಒಳಗಿನ ಗೋಡೆಯ ಕಡೆಗೆ ಇಡಿಸಿ, ಬಚ್ಚಲಿನ ನೀರು ಆ ಭಾಗದ ನೆಲಕ್ಕೆ ಇಂಗದಂತೆ ನೋಡಿಕೊಳ್ಳಿ.

ಕುಂದಾನಗರಿಯ ಕಡಲು, ಬೆಳಗಾವಿ:

ನವನಗರದವರು ಹೇಳಿದ್ದನ್ನು ಮೊದಲು ಮಾಡಿ. ಉಳಿದದ್ದನ್ನು ನಾನು ಹೇಳುತ್ತೇನೆ. 600 ಲೀಟರಿನ ರೀಫ್ ಟ್ಯಾಂಕ್ ನನ್ನ ಮನೆಯಲ್ಲಿ ಆರು ವರ್ಷಗಳಿಂದ ನಡೆಯುತ್ತಿದೆ.

ನಿಮ್ಮ ಊರಿನಲ್ಲಿ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಸೆಕೆ ಎಂದು ನೀವು ತಿಳಿದಿರಬಹುದು. ನನ್ನ ಎಣಿಕೆಯಲ್ಲಿ ದೊಡ್ಡ ಪ್ರಶ್ನೆ ನೀರು, ಸೆಕೆಯ ಪರಿಹಾರವೂ ನೀರಿನಿಂದಲೇ ಬರುತ್ತದೆ. ಹವಳದ ತೊಟ್ಟಿಯನ್ನು 25ರಿಂದ 27 ಡಿಗ್ರಿಯಲ್ಲಿ ಇಟ್ಟುಕೊಳ್ಳಬೇಕು. 30 ಡಿಗ್ರಿ ಮೀರಿ ಕೆಲವು ದಿನ ನಿಂತರೆ ಹವಳಗಳು ತಮ್ಮೊಳಗಿನ ಪಾಚಿಯನ್ನು ಕಳೆದುಕೊಂಡು ಬಿಳಿಚಿಕೊಳ್ಳುತ್ತವೆ. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 0.67 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖವನ್ನು ಹೊತ್ತುಕೊಂಡು ಹೋಗುತ್ತದೆ. ವಿಜಯಪುರದ ಬೇಸಿಗೆಯ ಗಾಳಿ ಒಣಗಿರುವುದರಿಂದ ನೀರಿನ ಮೇಲ್ಮೈಗೆ ನಾಲ್ಕು ಸಣ್ಣ ಫ್ಯಾನ್ ಹಚ್ಚಿದರೆ ದಿನಕ್ಕೆ 15 ಲೀಟರ್ ಆವಿಯಾಗುವುದು ಕಷ್ಟವಲ್ಲ. ಅದು 10 ಯೂನಿಟ್ ಶಾಖವನ್ನು ಹೊರಗೆ ಹಾಕಿದಂತೆ. ಮಣ್ಣಿನ ಗಡಿಗೆಯ ನೀರು ತಣ್ಣಗಾಗುವುದೂ ಇದೇ ಲೆಕ್ಕದಿಂದ. ನಮ್ಮ ಬೆಳಗಾವಿಯಲ್ಲಿ ಜುಲೈ ತಿಂಗಳಲ್ಲಿ ಫ್ಯಾನ್ ಹಚ್ಚಿದರೆ ಏನೂ ಆಗುವುದಿಲ್ಲ, ಗಾಳಿಯೇ ಒದ್ದೆಯಾಗಿರುತ್ತದೆ. ಪುಣ್ಯಕ್ಕೆ ಆಗ ಇಲ್ಲಿ ತಂಪೂ ಇರುತ್ತದೆ. ಮೇ ತಿಂಗಳ ಮಟ್ಟಿಗೆ ನೀರು ತಣಿಸುವ ಯಂತ್ರ, ಅಂದರೆ ಒಂದು ಚಿಲ್ಲರ್ ಜೊತೆಗಿರಲಿ, ಆದರೆ ಅದನ್ನು ತೊಟ್ಟಿಯ ಕೆಳಗಿನ ಮುಚ್ಚಿದ ಪೆಟ್ಟಿಗೆಯಲ್ಲಿ ಇಡಬೇಡಿ. ಅದು ಹೊರಬಿಡುವ ಬಿಸಿಗಾಳಿ ಮತ್ತೆ ತೊಟ್ಟಿಯನ್ನೇ ಸೇರುತ್ತದೆ.

ಆವಿಯಾಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲಿಯೇ ಉಳಿಯುತ್ತದೆ. ಆದ್ದರಿಂದ ಹೋದ ನೀರಿನ ಬದಲಿಗೆ ಉಪ್ಪಿಲ್ಲದ ಶುದ್ಧ ನೀರನ್ನೇ ಅಷ್ಟಷ್ಟಾಗಿ ಸೇರಿಸಬೇಕು. ಇದನ್ನು ಮಾಡುವ ಫ್ಲೋಟ್ ಸ್ವಿಚ್ ಮತ್ತು ಸಣ್ಣ ಪಂಪನ್ನು ಮೊದಲ ದಿನದಿಂದಲೇ ಅಳವಡಿಸಿ. ಅದರ ನೀರಿನ ಡಬ್ಬ 40 ಲೀಟರಿಗಿಂತ ದೊಡ್ಡದಾಗಿರದಿದ್ದರೆ ಸ್ವಿಚ್ ಸಿಕ್ಕಿಕೊಂಡರೂ ತೊಟ್ಟಿ ತೀರ ಸಪ್ಪೆಯಾಗುವುದಿಲ್ಲ. ಟಿಡಿಎಸ್ 1400 ಇರುವ ನಿಮ್ಮ ನೀರನ್ನು ಆರ್‌ಒ ಪೊರೆ ಐವತ್ತು ಅರವತ್ತಕ್ಕೆ ಇಳಿಸಬಹುದು. ಅಲ್ಲಿಂದ ಸೊನ್ನೆಗೆ ತರಲು, ಉಳಿದ ಲವಣವನ್ನು ಹಿಡಿದಿಡುವ ಡಿಐ ರಾಳದ ಕೊಳವೆ ಬೇಕು. ಅಡುಗೆಮನೆಯ ಆರ್‌ಒ ಯಂತ್ರ ಇದಕ್ಕೆ ಆಗುವುದಿಲ್ಲ. ಅದರಲ್ಲಿ ರುಚಿಗೆಂದು ಕಚ್ಚಾ ನೀರನ್ನು ಬೆರೆಸುವ ಕವಾಟವಿರುತ್ತದೆ, ಕೆಲವದರಲ್ಲಿ ತಾಮ್ರದ ಕಾರ್ಟ್ರಿಜ್ ಬೇರೆ. ನಮ್ಮ ಮನೆಯಲ್ಲಿ ಹಿರಿಯರೊಬ್ಬರು ಒಳ್ಳೆಯ ಮನಸ್ಸಿನಿಂದಲೇ ತೊಟ್ಟಿಗೆ ಹಾಕುವ ನೀರನ್ನು ರಾತ್ರಿ ತಾಮ್ರದ ಹಂಡೆಯಲ್ಲಿ ತುಂಬಿಟ್ಟರು. ತಾಮ್ರ ಮನುಷ್ಯರಿಗೆ ಹಿತವಿರಬಹುದು, ಸೀಗಡಿ, ಶಂಖದ ಹುಳ ಮತ್ತು ಹವಳಗಳಿಗೆ ಅದು ವಿಷ. ನಾಲ್ಕು ದಿನಗಳಲ್ಲಿ ಸೀಗಡಿಗಳೆಲ್ಲ ಹೋದವು.

ಗೋವಾದಿಂದ ಕಡಲ ನೀರನ್ನೇ ತರಬಹುದಲ್ಲ ಎಂಬ ಆಲೋಚನೆ ಎಲ್ಲರಿಗೂ ಬರುತ್ತದೆ, ನನಗೂ ಬಂದಿತ್ತು. ಜುಲೈನಲ್ಲಿ ಹತ್ತು ಕ್ಯಾನ್ ತುಂಬಿಸಿ ತಂದು ಅಳೆದು ನೋಡಿದರೆ ಸಾಂದ್ರತೆ 1.012 ಬಂತು. ಇರಬೇಕಾದದ್ದು 1.025ರಿಂದ 1.026. ನಾನು ನೀರು ತುಂಬಿಸಿದ್ದು ಮಾಂಡೋವಿಯ ಅಳಿವೆಯ ಪಕ್ಕದಲ್ಲಿ. ನಮ್ಮ ಖಾನಾಪುರದ ಕಾಡಿನಲ್ಲಿ ಹುಟ್ಟುವ ಮಹಾದಾಯಿಯೇ ಅಲ್ಲಿ ಮಾಂಡೋವಿಯಾಗಿ ಕಡಲು ಸೇರುತ್ತಾಳೆ. ಅಂದರೆ ನಮ್ಮ ಜಿಲ್ಲೆಯ ಮಳೆನೀರನ್ನೇ ಬಾಡಿಗೆ ಗಾಡಿಯಲ್ಲಿ ಮರಳಿ ಮನೆಗೆ ತಂದಿದ್ದೆ. ರೀಫ್ ಉಪ್ಪನ್ನು ಕೊಂಡು ಬೆರೆಸುವುದೇ ಲೇಸು. ಲೀಟರಿಗೆ 36ರಿಂದ 40 ಗ್ರಾಂ ಲೆಕ್ಕದಲ್ಲಿ ನಿಮಗೆ ಮೊದಲ ಸಲಕ್ಕೆ 45 ಕಿಲೋ ಬೇಕಾಗುತ್ತದೆ, ಆಮೇಲೆ ತಿಂಗಳಿಗೆ ಹತ್ತನೇ ಒಂದು ಭಾಗ ನೀರು ಬದಲಿಸಲು ನಾಲ್ಕೈದು ಕಿಲೋ.

ಗಾಜಿನಂಗಡಿಯ ಹುಡುಗ, ಬೆಳಗಾವಿ:

12 ಮಿಲಿಮೀಟರ್ ಗಾಜಿಗೆ ಮೇಲಂಚಿನ ಸುತ್ತ ನಾಲ್ಕು ಅಂಗುಲದ ಗಾಜಿನ ಪಟ್ಟಿ ಕಡ್ಡಾಯವಾಗಿ ಇರಲಿ, ಪಟ್ಟಿ ಬೇಡವೆಂದರೆ ದಪ್ಪ ಗಾಜಿಗೆ ಹೋಗಬೇಕಾಗುತ್ತದೆ. ಟಫನ್ ಮಾಡಿದ (ಕಾಯಿಸಿ ಗಟ್ಟಿ ಮಾಡಿದ) ಗಾಜಿಗೆ ಕೊಳವೆಗಾಗಿ ತೂತು ಕೊರೆಯಲು ಬರುವುದಿಲ್ಲ, ಚೂರುಚೂರಾಗುತ್ತದೆ. ಬಚ್ಚಲಿಗೆಂದು ಮಾರುವ, ಬೂಷ್ಟು ತಡೆಯುವ ಔಷಧಿ ಸೇರಿದ ಸಿಲಿಕೋನ್ ಬಳಸಬೇಡಿ. ತೊಟ್ಟಿಯನ್ನು ಅಂಗಳದಲ್ಲಿ ಒಂದು ವಾರ ನೀರು ತುಂಬಿಸಿಟ್ಟು ನೋಡದೆ ಒಳಗೆ ತರಬೇಡಿ.

ಬಾವಡಿದಂಡೆ, ವಿಜಯಪುರ:

ಇಷ್ಟು ವಿವರವಾಗಿ ಬರೆದವರಿಗೆಲ್ಲ ಕೃತಜ್ಞ. ಕೋಲು ಹಿಡಿದು ಫರ್ಸಿಯನ್ನು ಬಡಿದು ನೋಡಿದೆ, ಮೂರು ಕಲ್ಲುಗಳು ಡೋಲಿನಂತೆ ಸದ್ದು ಮಾಡಿದವು. ಮೇಲಿನ ಹಾಲ್‌ನ ಆಸೆಯನ್ನು ಬಿಟ್ಟಿದ್ದೇನೆ.

ಎರಡು ಸಂಶಯಗಳು ಉಳಿದಿವೆ. ಕರೆಂಟ್ ಹೋದಾಗ ಮೇಲಿನ ನೀರು ಕೆಳಗಿನ ತೊಟ್ಟಿಗೆ ಇಳಿದು ಮನೆಯೆಲ್ಲ ಹರಿಯದಂತೆ ಲೆಕ್ಕ ಹಾಕುವುದು ಹೇಗೆ? ಎರಡನೆಯದು, ನೆರೆಯ ರಾಜ್ಯದ ಅಂಗಡಿಯವರೊಬ್ಬರು ಕೊಂಬಿನಂತೆ ಕವಲೊಡೆಯುವ ಗಟ್ಟಿ ಹವಳಗಳನ್ನೂ, ಕಡಲಿನಿಂದಲೇ ತೆಗೆದ ಜೀವಂತ ಕಲ್ಲುಗಳನ್ನೂ ಕಡಿಮೆ ದರಕ್ಕೆ ಕಳಿಸುತ್ತೇವೆ, ಬಿಲ್ ಮಾತ್ರ ಕೇಳಬೇಡಿ ಎನ್ನುತ್ತಿದ್ದಾರೆ. ಕೊಳ್ಳಬಹುದೇ?

ಕಾರವಾರದಲ್ಲಿ ಓದಿದವಳು, ಬಾಗಲಕೋಟೆ:

ಎರಡನೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಕೊಳ್ಳಬೇಡಿ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಪರಿಶಿಷ್ಟದಲ್ಲಿ, 2001ರಲ್ಲಿ ಆದ ಸೇರ್ಪಡೆಯಿಂದ, ದಿಬ್ಬ ಕಟ್ಟುವ ಗಟ್ಟಿ ಹವಳಗಳೆಲ್ಲವೂ ಬರುತ್ತವೆ. ಕಪ್ಪು ಹವಳ, ಬೆಂಕಿ ಹವಳ, ಕೊಳಲುಗಳ ಸಾಲಿನಂತಿರುವ ಕೆಂಪು ಆರ್ಗನ್ ಪೈಪ್ ಹವಳ, ಬೀಸಣಿಗೆಯಂತಿರುವ ಸೀ ಫ್ಯಾನ್ ಇವೂ ಅದರಲ್ಲಿವೆ. ಕಡಲಕುದುರೆಗಳನ್ನೂ ಅದೇ ವರ್ಷ ಸೇರಿಸಲಾಯಿತು. ಅಂದರೆ ಹುಲಿಗೆ ಇರುವ ರಕ್ಷಣೆಯೇ ಇವುಗಳಿಗೂ ಇದೆ. ಕಡಲಿನಿಂದ ಕಿತ್ತ ಜೀವಂತ ಕಲ್ಲೆಂದರೆ ಬಹುಪಾಲು ಹಳೆಯ ಹವಳದ ಅಸ್ಥಿಯೇ ಆದ್ದರಿಂದ ಅದೂ ಇದೇ ಬಲೆಗೆ ಬೀಳುತ್ತದೆ. ಬಿಲ್ ಕೇಳಬೇಡಿ ಎಂಬ ಮಾತೇ ಎಲ್ಲವನ್ನೂ ಹೇಳುತ್ತಿದೆ. ಇದಲ್ಲದೆ, 2022ರ ತಿದ್ದುಪಡಿಯ ನಂತರ, ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ಅನುಬಂಧಗಳಲ್ಲಿರುವ ಪ್ರಾಣಿಗಳು ಯಾರ ಬಳಿ ಇದ್ದರೂ ಅದನ್ನು ಕೇಂದ್ರ ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸುವ ಕರ್ತವ್ಯವೂ ಸೇರಿಕೊಂಡಿದೆ.

ಇದರಿಂದ ನಿಮ್ಮ ತೊಟ್ಟಿ ಬರಿದಾಗುವುದಿಲ್ಲ. ಅಣಬೆ ಹವಳಗಳು, ಕಲ್ಲಿನ ಮೇಲೆ ಸಣ್ಣ ಹೂಗಳಂತೆ ಹರಡುವ ಜೋಯಾಂಥಿಡ್‌ಗಳು, ಚರ್ಮದಂತಹ ಮೈಯ ಮೃದು ಹವಳಗಳು ಆ ಪಟ್ಟಿಯಲ್ಲಿಲ್ಲ. ಅವುಗಳ ಮೂಲ ತಿಳಿಸುವ ಕಾಗದವನ್ನು ಮಾತ್ರ ಕೇಳಿ ಪಡೆಯಿರಿ. ಗಟ್ಟಿ ಹವಳಕ್ಕಿಂತ ಇವುಗಳಿಗೆ ಬೆಳಕೂ ಕಡಿಮೆ ಸಾಕು, ನೀರಿನ ಸಣ್ಣಪುಟ್ಟ ಏರುಪೇರನ್ನೂ ತಾಳಿಕೊಳ್ಳುತ್ತವೆ. ಕ್ಯಾಲ್ಸಿಯಂ ಅನ್ನು ಲೀಟರಿಗೆ 400 ಮಿಲಿಗ್ರಾಂ ಮೇಲೆ ಹಿಡಿದಿಡಲು ದಿನವೂ ಹೆಣಗುವ ಕೆಲಸವೂ ತಪ್ಪುತ್ತದೆ. ಕಲ್ಲಿನ ಬದಲು ಸುಟ್ಟ ಮಣ್ಣಿನಿಂದ ಮಾಡಿದ ರಂಧ್ರಗಳುಳ್ಳ ಸೆರಾಮಿಕ್ ಬಂಡೆಗಳನ್ನು ಬಳಸಿ. ಕ್ಲೌನ್ ಮೀನುಗಳನ್ನು ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಮಂಡಪಂನಲ್ಲಿ ಮರಿ ಮಾಡಿಸಿ ತೋರಿಸಿದ್ದಾರೆ. ಕಡಲಿನಿಂದ ಹಿಡಿದವುಗಳಿಗಿಂತ ಹೀಗೆ ಸಾಕಿ ಬೆಳೆಸಿದ ಮರಿಗಳೇ ತೊಟ್ಟಿಗೆ ಬೇಗ ಹೊಂದಿಕೊಳ್ಳುತ್ತವೆ. ಒಂದು ಎಚ್ಚರಿಕೆ: ಜೋಯಾಂಥಿಡ್‌ಗಳ ಬಳಗದ ಕೆಲವದರಲ್ಲಿ ಪಾಲಿಟಾಕ್ಸಿನ್ ಎಂಬ ಭಯಂಕರ ವಿಷವಿದೆ. ಅವು ಅಂಟಿರುವ ಕಲ್ಲನ್ನು ತೊಳೆಯಲೆಂದು ಕುದಿಸಲೇಬಾರದು, ಅದರ ಹಬೆ ಮನೆಮಂದಿಯನ್ನೆಲ್ಲ ಆಸ್ಪತ್ರೆಗೆ ಸೇರಿಸಬಲ್ಲದು. ಕೈಗವಸು, ಕನ್ನಡಕ ಇಲ್ಲದೆ ಕತ್ತರಿಸುವುದೂ ಬೇಡ.

ಕುಂದಾನಗರಿಯ ಕಡಲು, ಬೆಳಗಾವಿ:

ಮೊದಲ ಪ್ರಶ್ನೆಯ ಲೆಕ್ಕ ಸುಲಭ. ನಿಮ್ಮ ತೊಟ್ಟಿಯ ಮೇಲ್ಮೈ 20 ಚದರ ಅಡಿ, ಹೀಗಾಗಿ ನೀರು ಒಂದು ಅಂಗುಲ ಇಳಿದರೆ 47 ಲೀಟರ್ ಕೆಳಗೆ ಬರುತ್ತದೆ. ಮರಳಿ ನೀರು ಬಿಡುವ ಕೊಳವೆಯ ಬಾಯಿ ನೀರಿನೊಳಗೆ ಎಷ್ಟು ಆಳದಲ್ಲಿದೆಯೋ ಅಷ್ಟರವರೆಗೂ ಪಂಪ್ ನಿಂತಾಗ ನೀರು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಎರಡು ಅಂಗುಲಕ್ಕಿಂತ ಆಳ ಬೇಡ, ಆಗ ಇಳಿಯುವುದು 95 ಲೀಟರ್. ಕೆಳಗಿನ ಸಂಪ್ 4 ಅಡಿ ಉದ್ದ, ಅಗಲ ಎತ್ತರ ಒಂದೂವರೆ ಅಡಿ ಇದ್ದು, ಅದರಲ್ಲಿ ದಿನನಿತ್ಯದ ನೀರು 9 ಅಂಗುಲವಿದ್ದರೆ ಮಿಕ್ಕ 9 ಅಂಗುಲದಲ್ಲಿ 127 ಲೀಟರ್ ಹಿಡಿಯುತ್ತದೆ. ಹಿಂದಕ್ಕೆ ಬರದಂತೆ ತಡೆಯುವ ಕವಾಟವನ್ನು ನಂಬಬೇಡಿ, ಒಂದು ಶಂಖದ ಹುಳ ಸಿಕ್ಕಿಕೊಂಡರೂ ಅದು ಮುಚ್ಚುವುದಿಲ್ಲ. ಮೇಲಿನಿಂದ ಇಳಿಯುವ ಕೊಳವೆಗಳು ಮೂರಿರಲಿ: ಒಂದು ಪೂರ್ತಿ ತುಂಬಿ ಸದ್ದಿಲ್ಲದೆ ಇಳಿಯುವುದಕ್ಕೆ, ಇನ್ನೊಂದು ಅದರಲ್ಲಿ ಮಿಕ್ಕಿದ್ದಕ್ಕೆ, ಮೂರನೆಯದು ಮೊದಲನೆಯದು ಕಟ್ಟಿಕೊಂಡ ದಿನಕ್ಕೆಂದು ಒಣಗಿಯೇ ಇರಬೇಕು.

ಕರೆಂಟ್ ಇಲ್ಲದಾಗ ಮೊದಲು ಕಡಿಮೆಯಾಗುವುದು ಆಮ್ಲಜನಕ. ದೀಪ, ಚಿಲ್ಲರ್, ಮುಖ್ಯ ಪಂಪು ಇವನ್ನೆಲ್ಲ ಇನ್ವರ್ಟರಿಗೆ ಜೋಡಿಸಬೇಡಿ. ಅಲೆ ಎಬ್ಬಿಸುವ 40 ವ್ಯಾಟಿನ ಒಂದು ಪಂಪು ಮಾತ್ರ ಅದರ ಮೇಲಿರಲಿ. 150 ಆಂಪಿಯರ್ ಅವರ್ ಬ್ಯಾಟರಿಯ ಅರ್ಧ ಶಕ್ತಿಯನ್ನಷ್ಟೇ ಲೆಕ್ಕಕ್ಕೆ ಹಿಡಿದರೂ ಅದು ಒಂದು ಹಗಲನ್ನು ದಾಟಿಸುತ್ತದೆ, ಬೇರೇನನ್ನೂ ಅದರ ಮೇಲೆ ನಡೆಸದಿದ್ದರೆ. ಕರೆಂಟ್ ಸೋರಿದರೆ ತಾನೇ ಕಡಿದುಹಾಕುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಸ್ವಿಚ್ ಇಲ್ಲದೆ ಉಪ್ಪು ನೀರಿಗೆ ಕೈ ಹಾಕಬೇಡಿ.

ಮತ್ತೆ, ನೀರು ತುಂಬಿದ ದಿನವೇ ಮೀನು ತರುವ ಆತುರ ಬೇಡ. ಅಮೋನಿಯಂ ಕ್ಲೋರೈಡ್ ಹಾಕಿ, ಬ್ಯಾಕ್ಟೀರಿಯಾಗಳು ಮೀನಿಗೆ ವಿಷವಾದ ಅಮೋನಿಯವನ್ನು ನೈಟ್ರೈಟಾಗಿಯೂ ಅದನ್ನು ನೈಟ್ರೇಟಾಗಿಯೂ ಬದಲಿಸುವವರೆಗೆ, ನಾಲ್ಕರಿಂದ ಆರು ವಾರ ಕಾಯಿರಿ. ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆ ತೋರಿಸಿದ ಮೇಲೆ ಎರಡು ಕ್ಲೌನ್ ಮರಿ ಸಾಕು.

ಬಾವಡಿದಂಡೆ, ವಿಜಯಪುರ:

ಅಂಗಡಿಯವರಿಗೆ ಬೇಡವೆಂದು ತಿಳಿಸಿದೆ. ಮೃದು ಹವಳ, ಸೆರಾಮಿಕ್ ಬಂಡೆ, ಒಳಗೋಡೆಯ ಪಕ್ಕದ ಜಾಗ, ಇಷ್ಟು ನಿಶ್ಚಯವಾಯಿತು. ಡಿಐ ಕೊಳವೆಯಿರುವ ಆರ್‌ಒ ಘಟಕವನ್ನು ಗಾಜಿಗಿಂತ ಮೊದಲೇ ತರಿಸಿ, ದಿನಕ್ಕೆ 15 ಲೀಟರ್ ಒಳ್ಳೆಯ ನೀರಿಗೆ ಎಷ್ಟು ಸವುಳು ನೀರು ಹೊರಗೆ ಹೋಗುತ್ತದೆ ಎಂಬುದನ್ನು ಒಂದು ತಿಂಗಳು ಬರೆದಿಡುತ್ತೇನೆ. ಆ ಲೆಕ್ಕ ಬೇಸಿಗೆಯಲ್ಲಿ ನಮ್ಮ ಬೋರಿಗೆ ಹೊಂದದಿದ್ದರೆ ತೊಟ್ಟಿಯನ್ನು 6 ಅಡಿಗೆ ಇಳಿಸುವುದೇ ಸರಿಯೆನಿಸುತ್ತದೆ.

ಸೋಮವಾರ ಫರ್ಸಿ ಎಬ್ಬಿಸಲು ಗೌಂಡಿಯವರು ಬರುತ್ತಾರೆ. ಪಡಸಾಲೆಯಲ್ಲಿ ಸಂಪ್ ಬರುತ್ತದೆ ಎಂದು ಫೋನಿನಲ್ಲಿ ಹೇಳಿದ್ದಕ್ಕೆ ಅವರು, ಎಷ್ಟು ಅಡಿ ಆಳ ತೋಡಬೇಕು, ಮೇಲೆ ಮುಚ್ಚಳ ಕಬ್ಬಿಣದ್ದೋ ಕಡಪಾ ಕಲ್ಲಿನದ್ದೋ ಎಂದು ಕೇಳಿದರು. ಆದ್ದರಿಂದ ಇಂದು ಸಂಜೆಯೇ ಅಳತೆ ಹಾಕಿ ಕಾಗದದ ಮೇಲೆ ನಕ್ಷೆ ಬರೆದಿಡುತ್ತಿದ್ದೇನೆ.