ವಜೇರ್ ಮರುಭೂಮಿಯೇ, ಬೆಂಗಾಡೇ?

ಮಾನ್ಯರೇ,

ಕೆನ್ಯಾದ ಈಶಾನ್ಯ ಭಾಗದಲ್ಲಿರುವ, ಬಹುಪಾಲು ಸೋಮಾಲಿಗಳೇ ವಾಸಿಸುವ ವಜೇರ್ ಪಟ್ಟಣದ ಕುರಿತು ಲೇಖನವೊಂದನ್ನು ಸಿದ್ಧಪಡಿಸುವಾಗ ಎದುರಾದ ಕೆಲವು ಪದಗಳ ಬಗ್ಗೆ ಬಲ್ಲವರ ಅಭಿಪ್ರಾಯ ಬೇಕಾಗಿದೆ. ಊರಿನ ಹೆಸರನ್ನು ‘ವಜೀರ್’ ಎಂದು ಬರೆಯುವುದೇ ಹೆಚ್ಚು. ಆದರೆ ಹಾಗೆ ಬರೆದರೆ ನಮ್ಮವರಿಗೆ ಸುಲ್ತಾನರ ಮಂತ್ರಿ ನೆನಪಾಗುತ್ತಾನೆ. ಸೋಮಾಲಿ ಬರವಣಿಗೆಯಲ್ಲಿ ಅಲ್ಲಿರುವುದು ದೀರ್ಘ ಏಕಾರವಾದ್ದರಿಂದ ‘ವಜೇರ್’ ಎಂದೇ ಇಟ್ಟುಕೊಂಡಿದ್ದೇನೆ.

ನನ್ನ ಮುಖ್ಯ ಸಂದೇಹ ‘ಮರುಭೂಮಿ’ ಎಂಬ ಪದದ್ದು. ಆ ಪದ ಕೇಳಿದೊಡನೆ ಓದುಗರ ಕಣ್ಣಮುಂದೆ ಮರಳದಿಣ್ಣೆಗಳು ಬರುತ್ತವೆ. ವಜೇರ್ ಸುತ್ತ ಇರುವುದಾದರೋ ಜಾಲಿಯ ಜಾತಿಯ ಮುಳ್ಳುಗಿಡಗಳ ಕುರುಚಲು. ಮಳೆ ತೀರ ಕಡಿಮೆಯಾದರೂ ಸುಣ್ಣಕಲ್ಲಿನ ನೆಲದಲ್ಲಿ ಕೆಲವೇ ಮೀಟರ್ ಕೆಳಗೆ ನೀರು ಸಿಗುತ್ತದೆ. ಒಂಟೆ, ದನಗಳನ್ನು ಹೊಡೆದುಕೊಂಡು ಬೇರೆ ಬೇರೆ ಕುಲದವರು ಈ ಬಾವಿಗಳಿಗೆ ಬರುತ್ತಿದ್ದುದರಿಂದಲೇ ಅದೊಂದು ನೆಲೆಯಾಯಿತು, 1912ರಲ್ಲಿ ಬ್ರಿಟಿಷರು ಅಲ್ಲಿ ಠಾಣ್ಯ ಹೂಡಿದ್ದಕ್ಕೂ ಬಾವಿಗಳೇ ಆಧಾರವಾದವು. ಊರಿನ ಹೆಸರಿಗೆ ನೆರೆಯ ಬೋರಾನಾ ಜನರ ಭಾಷೆಯಲ್ಲಿ ‘ಒಟ್ಟುಗೂಡುವುದು’ ಎಂಬ ಅರ್ಥವಿದೆಯೆಂಬ ವಿವರಣೆಯೂ ಪ್ರಚಲಿತವಾಗಿದೆ. ಕೈಗೆಟುಕುವಷ್ಟು ಹತ್ತಿರದ ಆ ನೀರೇ ಊರಿಗೆ ತೊಡಕೂ ಆಗಿದೆ: ಶೌಚಗುಂಡಿ ತೋಡಿದರೆ ಬಾವಿ ಕೆಡುತ್ತದೆಂದು ಅಲ್ಲಿ ಬಹುಕಾಲ ಬಕೆಟ್ ಶೌಚವೇ ನಡೆದುಬಂತು. ಇಂಥ ಜಾಗವನ್ನು ಮರುಭೂಮಿ ಎನ್ನಲು ಮನಸ್ಸು ಒಪ್ಪುವುದಿಲ್ಲ. ‘ಶುಷ್ಕ ಪಟ್ಟಣ’ ಎಂದರೆ ಸರ್ಕಾರಿ ವರದಿಯ ವಾಸನೆ. ನನಗೆ ಹೊಳೆದದ್ದು ‘ಬೆಂಗಾಡು’. ‘ಬೆನ್ನೀರು’ ಎಂಬಲ್ಲಿರುವ ‘ಬಿಸಿ’ ಎಂಬ ಅರ್ಥದ ‘ಬೆಂ’ ಇಲ್ಲಿಯೂ ಇದೆ, ಜೊತೆಗೆ ‘ಕಾಡು’ ಎಂಬುದು ಕುರುಚಲಿಗೂ ಜಾಗ ಕೊಡುತ್ತದೆ. ಆದರೆ ಇಂದಿನ ಓದುಗರು ಬೆಂಗಾಡನ್ನೂ ಮರಳುಗಾಡೆಂದೇ ತಿಳಿಯುತ್ತಾರೆಯೇ?

ಋತುಗಳ ಹೆಸರೂ ಅಷ್ಟೇ ಇಕ್ಕಟ್ಟಿನದು. ಸೋಮಾಲಿಗಳ ‘ಗು’ ಮಾರ್ಚ್‌ನಿಂದ ಮೇವರೆಗಿನ ಮಳೆಗಾಲ, ‘ದೇಯ್ರ್’ ಅಕ್ಟೋಬರಿನ ನಂತರದ ಕಿರುಮಳೆ. ಇವನ್ನು ಮುಂಗಾರು, ಹಿಂಗಾರು ಎನ್ನುವ ಆಸೆ ಯಾರಿಗಾದರೂ ಆದೀತು. ಆದರೆ ನಮ್ಮಲ್ಲಿ ಮುಂಗಾರು ಸುರಿಯುವ ತಿಂಗಳುಗಳಲ್ಲಿ ಅವರಿಗೆ ‘ಹಗಾ’ ಎಂಬ ಒಣಗಾಲ; ಪೂರ್ವ ಆಫ್ರಿಕದ ಕರಾವಳಿಯನ್ನು ಒಣದಾಗಿ ಸವರಿಕೊಂಡು ಹೋಗುವ ಗಾಳಿಯೇ ಅರಬ್ಬೀ ಸಮುದ್ರ ದಾಟಿ ನಮಗೆ ಮಳೆ ತರುತ್ತದೆ. ಆದ್ದರಿಂದ ಈ ಹೆಸರುಗಳನ್ನು ಅನುವಾದಿಸದೆ ಬಿಡುವುದೇ ಲೇಸೆಂದು ತೋರುತ್ತದೆ.

ಆ ಭಾಗದ ‘ಲಾಗ್ ಬೋರ್’, ‘ಲಾಗ್ ದೇರಾ’ ಎಂಬ ಹೆಸರುಗಳಲ್ಲಿನ ‘ಲಾಗ್’ ಮಳೆ ಬಂದಾಗ ಮಾತ್ರ ಹರಿಯುವ ತೊರೆ. ಬೋರಾನಾ ನುಡಿಯೂ ಸೇರುವ ಒರೋಮೊ ಭಾಷೆಯಲ್ಲಿ ‘ಲಗ’ ಎಂದರೆ ನದಿ. ಧಾರವಾಡದ ಕಡೆಯವರು ಬೆಣ್ಣೆಹಳ್ಳ ಎನ್ನುವಾಗಿನ ‘ಹಳ್ಳ’ ಇದಕ್ಕೆ ಚೆನ್ನಾಗಿ ಹೊಂದುತ್ತದೆ, ಮೈಸೂರು ಕಡೆಯವರು ಮಾತ್ರ ಅದನ್ನು ಗುಂಡಿಯೆಂದು ಓದುವ ಭಯವಿದೆ.

ಕೊನೆಯದು ‘ಷಿಫ್ತಾ’. 1962ರಲ್ಲಿ ಬ್ರಿಟಿಷರು ನೇಮಿಸಿದ ಆಯೋಗದ ಮುಂದೆ, ವಜೇರ್ ಕೂಡ ಸೇರಿದ್ದ ಉತ್ತರ ಗಡಿ ಜಿಲ್ಲೆಯ ಸೋಮಾಲಿಗಳು ಸೋಮಾಲಿಯಾವನ್ನು ಸೇರುವ ಇಚ್ಛೆಯನ್ನು ತಿಳಿಸಿದ್ದರೂ, 1963ರ ಡಿಸೆಂಬರಿನಲ್ಲಿ ಕೆನ್ಯಾ ಸ್ವತಂತ್ರವಾದಾಗ ಆ ಪ್ರದೇಶ ಅದರಲ್ಲೇ ಉಳಿಯಿತು. ಆಗ ಸೋಮಾಲಿಯಾ ಸೇರಲೆಂದು 1967ರವರೆಗೆ ಸಶಸ್ತ್ರ ಹೋರಾಟ ನಡೆಸಿದವರಿಗೆ ಕೆನ್ಯಾ ಸರ್ಕಾರ ಅಂಟಿಸಿದ ಹೆಸರು ಇದು. ‘ದರೋಡೆಕೋರ’ ಎಂದು ಅನುವಾದಿಸಿದರೆ ಸರ್ಕಾರದ ನಿಲುವನ್ನೇ ನಾವು ಆಡಿದಂತಾಗುತ್ತದೆ, ‘ಸ್ವಾತಂತ್ರ್ಯ ಹೋರಾಟಗಾರ’ ಎಂದರೆ ಎದುರು ಪಕ್ಷದ್ದನ್ನು. ಪದದ ಮೂಲವಾದ ಇಥಿಯೋಪಿಯಾದಲ್ಲಿ ಒಡೆಯನ ವಿರುದ್ಧ ಬಂಡೆದ್ದು ಕಾಡು ಸೇರಿದವನೂ ಷಿಫ್ತಾನೇ. ಚಕ್ರವರ್ತಿ ಎರಡನೆಯ ತೆವೊದ್ರೋಸ್ ಕೂಡ ಮೊದಲು ಹಾಗಿದ್ದವನೇ. ಕಳ್ಳತನ, ಬಂಡಾಯಗಳೆರಡನ್ನೂ ಒಟ್ಟಿಗೆ ಹೊರುವ ಕನ್ನಡ ಪದ ನಿಮ್ಮ ಕಡೆಯ ಆಡುಮಾತಿನಲ್ಲಿದ್ದರೆ ದಯವಿಟ್ಟು ತಿಳಿಸಿ.